ಕಿಡ್ನಿ ಗಡ್ಡಿ ರಿಪೋರ್ಟ್‌ನಾಗ "ನ್ಯೂರೋಎಂಡೋಕ್ರೈನ್, ಗ್ರೇಡ್ 1" ಅಂತ ಬಂದೈತಿ: ಬಿನೈನ್ (ಕ್ಯಾನ್ಸರ್ ಅಲ್ಲ) ಅಂತ ಬಿಡಬಹುದೇನ್ರಿ?

ಗದಗದಂವ:
ನಮ್ಮ ಕಾಕಾರದು ಎಡಗಡೆ ಕಿಡ್ನಿ ಹುಬ್ಬಳ್ಳಿಯೊಳಗ ತಗದಾರ. ವಯಸ್ಸು 52. ರಿಪೋರ್ಟ್: ಗಡ್ಡಿ 4.5 ಸೆಂ.ಮೀ., ವೆಲ್ ಡಿಫರೆನ್ಷಿಯೇಟೆಡ್ ನ್ಯೂರೋಎಂಡೋಕ್ರೈನ್ ಟ್ಯೂಮರ್, ಕಿ-67 ಶೇ. 2, ಸಿನಾಪ್ಟೋಫೈಸಿನ್ ಪಾಸಿಟಿವ್, ಪ್ಯಾಕ್ಸ್-8 ನೆಗೆಟಿವ್, ಮಾರ್ಜಿನ್ ಕ್ಲಿಯರ್ (ಕೊಯ್ದ ಅಂಚಿನಾಗ ಗಡ್ಡಿ ಇಲ್ಲ). ಲಿಂಫ್ ನೋಡ್ ಬಗ್ಗೆ ಏನೂ ಬರದಿಲ್ಲ. ಮನ್ಯಾಗ ಎಲ್ಲಾರೂ "ಬಿನೈನ್ ಐತಿ, ಮುಗೀತು" ಅನ್ನಾಕತ್ತಾರ. ಮುಗೀತೇನ್ರಿ? ಕಿಮೋ ಬೇಕಾಗತೈತೇನು?

ಸ್ಲೈಡ್ ನೋಡಾಂವ, ಧಾರವಾಡ:
ನಿಮ್ಮ ರಿಪೋರ್ಟ್‌ನಲ್ಲಿ ಬಿನೈನ್ ಅನ್ನೋ ಶಬ್ದ ಇಲ್ಲ, ಗಮನಿಸ್ರಿ. ನ್ಯೂರೋಎಂಡೋಕ್ರೈನ್ ಅಂದರೆ ಹಾರ್ಮೋನ್ ಮಾಡೋ ಜಾತಿಯ ಜೀವಕೋಶದ ಗಡ್ಡೆ, ಸಿನಾಪ್ಟೋಫೈಸಿನ್ ಪಾಸಿಟಿವ್ ಅದನ್ನೇ ಹೇಳ್ತದೆ. ಗ್ರೇಡ್ 1 ಅಂದರೆ ಜೀವಕೋಶ ನಿಧಾನಕ್ಕೆ ಬೆಳೀತಾವೆ ಅಂತ ಅಷ್ಟೇ, ಹರಡೋದಿಲ್ಲ ಅಂತಲ್ಲ. ಕಿ-67 (ಬೆಳೀತಿರೋ ಜೀವಕೋಶಗಳ ಪಾಲು) ಶೇ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1 ಅನ್ನೋ ಅಳತೆ ಹೊಟ್ಟೆ-ಕರುಳಿನ ಗಡ್ಡೆಗಳಿಂದ ಎರವಲು ತಂದದ್ದು; ಕಿಡ್ನಿಯಲ್ಲಿ ಅದನ್ನೇ ಪೂರ್ತಿ ನಂಬೋ ಹಾಗಿಲ್ಲ. ಇದು ಬಹಳ ಅಪರೂಪದ ಗಡ್ಡೆ, ಮೊದಲ ವರದಿ ಬಂದದ್ದೇ 1966ರಲ್ಲಿ. ಪ್ರಕಟವಾದ ಪ್ರಕರಣಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ಪತ್ತೆಯಾಗೋ ಹೊತ್ತಿಗೇ ಲಿಂಫ್ ನೋಡ್, ಲಿವರ್ ಅಥವಾ ಎಲುಬಿಗೆ ಹೋಗಿತ್ತು. ಹಾಗಂತ ಗಾಬರಿ ಬೇಡ, ಹರಡಿದವರೂ ಎಷ್ಟೋ ವರ್ಷ ಚೆನ್ನಾಗಿ ಇರೋ ಜಾತಿ ಇದು.

ಇನ್ನೊಂದು ಪ್ರಶ್ನೆ: ಇದು ಕಿಡ್ನಿಯಲ್ಲೇ ಹುಟ್ಟಿದ್ದೋ, ಕರುಳು ಅಥವಾ ಪುಪ್ಪುಸದಿಂದ ಬಂದು ಕೂತದ್ದೋ? ಕಿಡ್ನಿಯ ಮಾಮೂಲಿ ಕ್ಯಾನ್ಸರ್ ಆಗಿದ್ದರೆ ಪ್ಯಾಕ್ಸ್-8 ಸ್ಟೇನ್ (ಗಡ್ಡೆಯ ಮೂಲ ಹುಡುಕೋ ಬಣ್ಣದ ಪರೀಕ್ಷೆ) ಸಾಮಾನ್ಯವಾಗಿ ಪಾಸಿಟಿವ್ ಬರ್ತಿತ್ತು, ಆ ಅನುಮಾನ ಕಡಿಮೆಯಾಯ್ತು. ಟಿಟಿಎಫ್-1 ಮತ್ತು ಸಿಡಿಎಕ್ಸ್-2 ಸ್ಟೇನ್ ಮಾಡಿದಾರಾ ಕೇಳ್ರಿ. ಮೊದಲನೆಯದು ಪುಪ್ಪುಸದ ಕಡೆ, ಎರಡನೆಯದು ಕರುಳಿನ ಕಡೆ ಬೆರಳು ತೋರಿಸ್ತದೆ. ಆದರೆ ಬರೀ ಸ್ಟೇನ್ ಮೇಲೆ ತೀರ್ಪು ಕೊಡೋಕೆ ಬರೋದಿಲ್ಲ, ಸ್ಕ್ಯಾನ್ ಬೇಕು. ಕಾಕಾರ ಎರಡೂ ಕಿಡ್ನಿ ಕೆಳಗೆ ಕೂಡಿಕೊಂಡು ಕುದುರೆ ಲಾಳದ ಆಕಾರದಲ್ಲಿ ಇದ್ದವಾ ಅಂತ ಹಳೇ ಸಿಟಿಯಲ್ಲಿ ನೋಡಿಸ್ರಿ. ಅಂಥ ಕಿಡ್ನಿಯಲ್ಲಿ ಈ ಗಡ್ಡೆ ಹೆಚ್ಚು ಕಾಣಿಸ್ಕೊಳ್ತದೆ, ನಡವಳಿಕೆಯೂ ಸ್ವಲ್ಪ ಸೌಮ್ಯ.

ಎರಡನೇ ಅಭಿಪ್ರಾಯಕ್ಕೆ ಸ್ಲೈಡ್ ಜೊತೆ ಗಡ್ಡೆಯ ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕ್‌ನೂ ತಗೊಳ್ರಿ, ಬ್ಲಾಕ್ ಇಲ್ಲದೆ ಹೊಸ ಸ್ಟೇನ್ ಆಗೋದಿಲ್ಲ. ಬೇಸಿಗೆಯಲ್ಲಿ ಅದನ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಹೋಗಬ್ಯಾಡ್ರಿ, ಮೇಣ ಮೆತ್ತಗಾಗಿ ಒಳಗಿನ ತುಣುಕು ಕೆಡ್ತದೆ.

ಲ್ಯಾಬ್ ಮಂದಿ:
ಡಾಕ್ಟರ್ 24 ತಾಸಿನ ಮೂತ್ರದ 5-ಎಚ್‌ಐಎಎ (ಸಿರೊಟೋನಿನ್ ಹಾರ್ಮೋನ್ ಕರಗಿ ಮೂತ್ರಕ್ಕ ಬರೂ ಅಂಶದ ಪರೀಕ್ಷೆ) ಬರದ್ರ ಮೂರು ದಿನ ಮೊದಲಿಂದನ ಬಾಳಿಹಣ್ಣು, ಅನಾನಸು, ಟೊಮೆಟೊ, ಅಕ್ರೋಡು ಬಂದ್. ಬದನಿಕಾಯಿ ಎಣ್ಣಿಗಾಯಿನೂ ಬಂದ್ ರೀ, ಇದನ್ನ ಯಾರೂ ಹೇಳೂದಿಲ್ಲ! ಜ್ವಾಳದ ರೊಟ್ಟಿ, ಬ್ಯಾಳಿ, ಮಜ್ಜಗಿ ನಡೀತದ. ಪ್ಯಾರಾಸಿಟಮಾಲ್, ಕೆಮ್ಮಿನ ಸಿರಪ್ ತಗೊಳಾಕತ್ತಿದ್ರ ಮೊದಲ ಹೇಳ್ರಿ.

ಮುಂಜಾನೆ ಎದ್ದ ಕೂಡಲೆ ಬರೂ ಮೊದಲನೇ ಮೂತ್ರ ಚೆಲ್ಲಿ ಟೈಮ್ ಬರಕೊಳ್ರಿ. ಅಲ್ಲಿಂದ ಮರುದಿನ ಅದ ಟೈಮಿನ ತನಕ, ಕೊನೇದೂ ಸೇರಿ, ಒಂದೂ ಬಿಡದಂಗ ಕ್ಯಾನಿಗೆ ಹಾಕ್ರಿ. ಸಂಡಾಸಕ್ಕ ಹೋದಾಗ ಒಂದು ಸಲ ತಪ್ಪಿದ್ರೂ ಲೆಕ್ಕ ಕಡಿಮಿ ಬರ್ತದ. ಕ್ಯಾನಿನ್ಯಾಗ ಆ್ಯಸಿಡ್ ಇರ್ತದ, ನೇರ ಅದರಾಗ ಮಾಡಬಾರದು; ಮಗ್ಗಿನ್ಯಾಗ ಹಿಡದು ಸುರೀರಿ.

ರಕ್ತದ ಕ್ರೋಮೋಗ್ರಾನಿನ್ ಎ (ಇಂಥ ಗಡ್ಡಿ ರಕ್ತಕ್ಕ ಬಿಡೂ ಪ್ರೋಟೀನ್) ಇನ್ನೂ ಮೋಸ ಮಾಡ್ತದ. ಪ್ಯಾಂಟೊಪ್ರಜೋಲ್‌ನಂಥ ಆ್ಯಸಿಡಿಟಿ ಗುಳಗಿ ನುಂಗಾಕತ್ತಿದ್ರ ಸುಮ್ಮನ ಏರ್ತದ. ಡಾಕ್ಟರ್ನ ಕೇಳಿ ಎರಡು ವಾರ ನಿಲ್ಲಿಸಿ ಕೊಡ್ರಿ. ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತಿ) ಹೆಚ್ಚಿದ್ರೂ ಏರ್ತದ, ಈಗ ಒಂದ ಕಿಡ್ನಿ ಅನ್ನೂದು ನೆನಪಿರಲಿ.

ಸ್ಕ್ಯಾನ್ ರೂಮ್:
ಮುಖ್ಯವಾದದ್ದು ಗ್ಯಾಲಿಯಂ-68 ಡೋಟಾಟೇಟ್ ಪೆಟ್-ಸಿಟಿ, ಅಂದರೆ ಈ ಜಾತಿಯ ಗಡ್ಡೆಗೆ ಅಂಟೋ ವಿಕಿರಣ ಔಷಧ ಕೊಟ್ಟು ಮಾಡೋ ಸ್ಕ್ಯಾನ್. ಮಾಮೂಲಿ ಎಫ್‌ಡಿಜಿ (ಸಕ್ಕರೆಯಂಥ ಔಷಧದ) ಪೆಟ್‌ನಲ್ಲಿ ನಿಧಾನದ ಗಡ್ಡೆ ಕಾಣದೇ ಹೋಗಬಹುದು, ಆದ್ದರಿಂದ ಚೀಟಿಯಲ್ಲಿ ಡೋಟಾಟೇಟ್ ಅಂತಲೇ ಬರೆದಿದೆಯಾ ನೋಡ್ಕೊಳ್ರಿ. ಗ್ಯಾಲಿಯಂನ ಅರ್ಧಾಯುಷ್ಯ 68 ನಿಮಿಷ, ಅಂದರೆ ಅಷ್ಟರಲ್ಲಿ ಅರ್ಧ ಮಾತ್ರ ಉಳೀತದೆ. ತಡವಾಗಿ ಹೋದರೆ ನಿಮಗಿಟ್ಟ ಡೋಸ್ ಕರಗಿರ್ತದೆ. ಬೆಂಗಳೂರಲ್ಲಿ ಮಾಡಿಸೋದಾದರೆ ಹಿಂದಿನ ದಿನವೇ ಹೋಗಿ ಇಳೀರಿ.

ಒಂದು ಮಿತಿ: ಆರೋಗ್ಯವಂತ ಕಿಡ್ನಿಯೂ ಈ ಔಷಧ ಹೀರಿಕೊಂಡು ಹೊಳೀತದೆ. ಉಳಿದ ಕಿಡ್ನಿಯೊಳಗೆ ಸಣ್ಣ ಗಡ್ಡೆ ಇದ್ದರೆ ಆ ಹೊಳಪಲ್ಲಿ ಮುಚ್ಚಿಹೋಗಬಹುದು. ಅದಕ್ಕೆ ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್‌ಐ ಬೇರೆ ಬೇಕು. ಗುಲ್ಮ, ಅಡ್ರೀನಲ್ ಹೊಳೆದದ್ದು ನೋಡಿ ಹೆದರಬ್ಯಾಡ್ರಿ, ಅದು ಸಹಜ.

ಗದಗದಂವ:
ಒಬ್ಬರು ತಿಂಗಳಿಗೊಮ್ಮೆ ಆಕ್ಟ್ರಿಯೋಟೈಡ್ ಇಂಜೆಕ್ಷನ್ ಈಗಿಂದನ ಶುರು ಮಾಡ್ರಿ ಅಂದಾರ, ಹೌದೇನ್ರಿ?

ಸ್ಲೈಡ್ ನೋಡಾಂವ, ಧಾರವಾಡ:
ಗಡ್ಡೆ ಪೂರ್ತಿ ಹೋಗಿ, ಸ್ಕ್ಯಾನ್ ಸ್ವಚ್ಛ ಬಂದರೆ ಇಂಜೆಕ್ಷನ್ನೂ ಬೇಡ, ಕಿಮೋನೂ ಬೇಡ. ಹಾರ್ಮೋನ್ ತಡೆಯೋ ಆ ಇಂಜೆಕ್ಷನ್ ಹರಡಿದವರಿಗೆ, ಅಥವಾ ಮುಖ ಕೆಂಪೇರೋದು, ಭೇದಿ ಇರೋರಿಗೆ; ಕಿಡ್ನಿಯ ಗಡ್ಡೆಯಲ್ಲಿ ಈ ಲಕ್ಷಣ ಕಡಿಮೆ. ಶುರು ಮಾಡೋದೇ ಆದರೂ ಮೊದಲು ಸ್ಕ್ಯಾನ್ ಮಾಡಿಸ್ರಿ, ಔಷಧ ಮೈಯಲ್ಲಿದ್ದರೆ ಚಿತ್ರ ಓದೋದು ತೊಡಕಾಗ್ತದೆ. ನಿಮ್ಮಲ್ಲಿ ಲಿಂಫ್ ನೋಡ್ ತೆಗೆದೇ ಇಲ್ಲ ಅನ್ನಿಸ್ತದೆ, ಸರ್ಜನ್‌ರನ್ನ ನೇರ ಕೇಳ್ರಿ. ಮೊದಲ ಒಂದೆರಡು ವರ್ಷ ಆರಾರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್, ಕನಿಷ್ಠ 10 ವರ್ಷ. ಐದು ವರ್ಷಕ್ಕೆ ಫೈಲ್ ಮುಚ್ಚಬ್ಯಾಡ್ರಿ, ಇದು ತಡವಾಗಿ ಮರಳೋ ಗಡ್ಡೆ.