ಮಳೆ ಹಿಡಿದ ಮೇಲೆ ಪಿಎಚ್ ಮೀಟರ್ 4.00 ಬಫರಿನಲ್ಲಿ 5.2 ತೋರಿಸ್ತಾ ಉಂಟು, ಎಲೆಕ್ಟ್ರೋಡ್ ಹೋಯಿತಾ?

ಗಡಿನಾಡ ಟೀಚರ್:
ಎಲ್ಲರಿಗೂ ನಮಸ್ಕಾರ. ಮಂಜೇಶ್ವರ ತಾಲೂಕಿನ ಒಂದು ಶಾಲೆಯಲ್ಲಿ ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವವಳು. ನಮ್ಮ ಲ್ಯಾಬಿನಲ್ಲಿರುವುದು ಮುಳ್ಳಿನ ಹಳೇ ಪಿಎಚ್ ಮೀಟರ್. ಎಲ್ಲವನ್ನೂ ನಾಬ್ ತಿರುಗಿಸಿಯೇ ಹೊಂದಿಸಬೇಕು. ಪಿಎಚ್ ಗುರುತಿಸುವ ಗ್ಲಾಸ್ ಎಲೆಕ್ಟ್ರೋಡ್ ಬೇರೆ, ಅದನ್ನು ಹೋಲಿಸಿ ನೋಡಲಿಕ್ಕೆ ಇರುವ ಕ್ಯಾಲೊಮೆಲ್ ಎಲೆಕ್ಟ್ರೋಡ್ ಬೇರೆ.

ಏಪ್ರಿಲಿನಲ್ಲಿ ಸರಿಯಾಗಿಯೇ ಇತ್ತು. ಜೂನಿನಲ್ಲಿ ಶಾಲೆ ತೆರೆದು ನೋಡಿದರೆ ಹೀಗೆ: 6.86ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮುಳ್ಳನ್ನು ಸರಿಯಾಗಿ 6.86ಕ್ಕೆ ತಂದು, ಎಲೆಕ್ಟ್ರೋಡ್ ತೊಳೆದು 4.00ಕ್ಕೆ ಇಳಿಸಿದರೆ 5.2ರಲ್ಲಿ ನಿಲ್ತದೆ. ಒಂದು ಪಿಎಚ್‌ಗೆ ಎಷ್ಟು ಮಿಲಿವೋಲ್ಟ್ ಎಂದು ಹೊಂದಿಸುವ ಸ್ಲೋಪ್ ನಾಬನ್ನು ತುದಿವರೆಗೆ ತಿರುಗಿಸಿದರೂ 4.8ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಕ್ಕಳು ಪ್ರಾಜೆಕ್ಟಿಗೆಂದು ಮನೆಯ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ನೀರು, ಬಾವಿ ನೀರು ಬಾಟ್ಲಿಯಲ್ಲಿ ತಂದಿಟ್ಟಿದ್ದಾರೆ. ಅಳೆಯುವುದು ಹೇಗೆ ಹೇಳಿ?

ವಿಚಿತ್ರ ಎಂದರೆ, ಇದೇ ಮೀಟರನ್ನು ಮಿಲಿವೋಲ್ಟಿಗೆ ಹಾಕಿ, ಪ್ಲಾಟಿನಮ್ ಎಲೆಕ್ಟ್ರೋಡ್ ಸಿಕ್ಕಿಸಿ ಮೋರ್ಸ್ ಸಾಲ್ಟ್–ಡೈಕ್ರೋಮೇಟ್ ಟೈಟ್ರೇಶನ್ ಮಾಡಿದೆ. ಕೊನೆಯ ಬಿಂದುವಿನಲ್ಲಿ ಮುಳ್ಳು ಚೆಂದಕ್ಕೆ ಹಾರಿತು. ಗ್ರಾಫ್ ಕೂಡ ಪುಸ್ತಕದಲ್ಲಿ ಇದ್ದ ಹಾಗೆಯೇ ಬಂತು.

ಅಡಿಕೆತೋಟ:
ಟೀಚರ್, ಗ್ಲಾಸಿನ ಬುರುಡೆ ರಜೆಯಲ್ಲಿ ಒಣಗಿರಬೇಕು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡಿನಲ್ಲಿ ಒಂದು ರಾತ್ರಿ ನೆನೆಸಿ ನೋಡಿ. ಬಫರ್ ಹಳತಾದರೂ ಹೀಗಾಗ್ತದೆ.

ಗಡಿನಾಡ ಟೀಚರ್:
ನೆನೆಸಿ ಆಯಿತು ಸರ್. ಬಫರ್ ಮಾತ್ರೆ ಕರಗಿಸಿ ಇವತ್ತೇ ಮಾಡಿದ್ದು. ಪಕ್ಕದ ಶಾಲೆಯಿಂದ ಬೇರೆ ಗ್ಲಾಸ್ ಎಲೆಕ್ಟ್ರೋಡ್ ಕೂಡ ತಂದು ಹಾಕಿದೆ. ಅದರಲ್ಲಿ 5.3.

ರಿಪೇರಿ ಮಾಷ್ಟ್ರು:
ಟೀಚರ್, ಹೊಸ ಎಲೆಕ್ಟ್ರೋಡಿಗೆ ದುಡ್ಡು ಹಾಕಬೇಡಿ. ಎರಡು ಎಲೆಕ್ಟ್ರೋಡಿನಲ್ಲೂ ಒಂದೇ ತರ ಬಂದದ್ದು, ಪ್ಲಾಟಿನಮ್ ಸರಿ ಇದ್ದದ್ದು, ಈ ಎರಡು ಸಂಗತಿಯಲ್ಲೇ ಉತ್ತರ ಉಂಟು.

ನಿಮ್ಮ ಲ್ಯಾಬಿನಲ್ಲಿ ಈಗ 28 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಆ ಬಿಸಿಗೆ ಒಂದು ಪಿಎಚ್‌ಗೆ ಸುಮಾರು 59.8 ಮಿಲಿವೋಲ್ಟ್. 4.00ಕ್ಕೂ 6.86ಕ್ಕೂ ನಡುವೆ 171 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ನಿಮಗೆ ಸಿಗ್ತಾ ಇರುವುದು 100ರ ಹತ್ತಿರ. ಉಳಿದದ್ದು ಮೀಟರಿನೊಳಗೆ ಹೋಗುವ ಮೊದಲೇ ಎಲ್ಲೋ ಸೋರಿ ಹೋಗ್ತಾ ಉಂಟು.

ಗ್ಲಾಸಿನ ಪೊರೆಯ ರೋಧ ನೂರಾರು ಮೆಗಾಓಮ್. ಪ್ಲಾಟಿನಮ್ ತಂತಿಗೆ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸಾಕೆಟ್ಟಿನಲ್ಲಿ 200 ಮೆಗಾಓಮಿನ ಒಂದು ಸೋರುದಾರಿ ಹುಟ್ಟಿಕೊಂಡರೆ ಪ್ಲಾಟಿನಮಿಗೆ ಗೊತ್ತೇ ಆಗುವುದಿಲ್ಲ. ಗ್ಲಾಸಿಗೆ ಮಾತ್ರ ಅರ್ಧಕ್ಕರ್ಧ ವೋಲ್ಟೇಜ್ ಹೋಯಿತು. 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ನಲ್ಡ್ ಬೆಕ್ಮನ್ ಲಿಂಬೆರಸದ ಹುಳಿ ಅಳೆಯಲು ವ್ಯಾಕ್ಯೂಮ್ ಟ್ಯೂಬಿನ ಆಂಪ್ಲಿಫಯರ್ ಕಟ್ಟಿದ್ದೂ ಇದೇ ರೋಧದ ಕಾಟಕ್ಕೆ. ಗ್ಯಾಲ್ವನೋಮೀಟರನ್ನು ಅಲುಗಿಸುವಷ್ಟು ಕರೆಂಟ್ ಗ್ಲಾಸಿನಿಂದ ಬರುವುದಿಲ್ಲ.

ಹೀಗೆ ಪರೀಕ್ಷೆ ಮಾಡಿ. ಎಲೆಕ್ಟ್ರೋಡ್ ಎರಡನ್ನೂ ತೆಗೆಯಿರಿ. ಗ್ಲಾಸ್ ಸಾಕೆಟ್ಟಿನ ನಡು ತೂತಿನಿಂದ ಕ್ಯಾಲೊಮೆಲ್ ಪಿನ್ನಿನ ಜಾಗಕ್ಕೆ ಒಂದು ತಂತಿ ಹಾಕಿ, ಮಿಲಿವೋಲ್ಟ್ ಸೊನ್ನೆಗೆ ತನ್ನಿ. ಆಮೇಲೆ ತಂತಿ ತೆಗೆಯಿರಿ. ಒಳ್ಳೆ ಮೀಟರ್ ಆದರೆ ಮುಳ್ಳು ಎಲ್ಲೆಲ್ಲಿಗೋ ಹೋಗ್ತದೆ, ಕೈ ಹತ್ತಿರ ತಂದರೂ ಅಲುಗಾಡ್ತದೆ. ಸೊನ್ನೆಯಲ್ಲೇ ಅಂಟಿ ಕೂತರೆ ಸೋರಿಕೆ ಖಂಡಿತ.

ಗಡಿನಾಡ ಟೀಚರ್:
ಅಂಟಿಯೇ ಕೂತಿದೆ ಮಾಷ್ಟ್ರೆ! ಕೈ ತಂದರೂ ಮಿಸುಕುವುದಿಲ್ಲ.

ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ಟಿನೊಳಗೆ ನೋಡಿದೆ. ನಡು ತೂತಿನ ಸುತ್ತ ಇರುವ ಬಿಳಿ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಒದ್ದೆ ಹೊಳಪು, ಅಂಚಿನಲ್ಲಿ ಸಕ್ಕರೆ ಪುಡಿಯ ಹಾಗೆ ಎಂತದೋ. ಸ್ಪಿರಿಟ್ ಹತ್ತಿಯಲ್ಲಿ ಮೂರು ಸರ್ತಿ ಒರೆಸಿದೆ. ಆದರೂ 5.1.

ರಿಪೇರಿ ಮಾಷ್ಟ್ರು:
ಅದು ಪೊಟ್ಯಾಸಿಯಮ್ ಕ್ಲೋರೈಡ್. ಕ್ಯಾಲೊಮೆಲಿಗೆ ದ್ರಾವಣ ತುಂಬಿಸಿದ ಕೈಯಲ್ಲೇ ಪ್ಲಗ್ ಸಿಕ್ಕಿಸಿದರೆ ಆ ಉಪ್ಪು ಅಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ಅದು ಒಣ ಹರಳು, ತೊಂದರೆ ಕೊಡುವುದಿಲ್ಲ. ಗಾಳಿಯ ತೇವ ಶೇಕಡಾ 84 ದಾಟಿದರೆ ಆ ಹರಳು ತಾನೇ ನೀರು ಎಳೆದುಕೊಂಡು ಕರಗ್ತದೆ. ನಮ್ಮ ಊರಿನ ಮಳೆಗಾಲದಲ್ಲಿ 84 ದಾಟದ ದಿನ ಎಷ್ಟು ಸಿಕ್ಕೀತು! ಏಪ್ರಿಲಿನಲ್ಲಿ ಸರಿ ಇದ್ದದ್ದು ಜೂನಿನಲ್ಲಿ ಕೆಟ್ಟದ್ದಕ್ಕೆ ಕಾರಣ ಅಷ್ಟೇ.

ಸ್ಪಿರಿಟಿನಲ್ಲಿ ಈ ಉಪ್ಪು ಕರಗುವುದೇ ಇಲ್ಲ ಎನ್ನಬಹುದು. ನೀವು ಒರೆಸಿದಾಗ ಅದು ಅತ್ತಿಂದ ಇತ್ತ ಹರಡಿತು, ಹೋಗಲಿಲ್ಲ. ಪ್ಲಗ್ ಪಾಯಿಂಟಿನಿಂದ ವಯರ್ ಕಿತ್ತು, ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೊದಲು ಒರೆಸಿ. ಪ್ರತಿ ಸಲವೂ ಹೊಸ ಹತ್ತಿ. ನಾಲ್ಕೈದು ಸಲ ಆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಅದು ಉಳಿದ ನೀರನ್ನು ಎಳೆದುಕೊಂಡು ಹೋಗ್ತದೆ. ಎಲೆಕ್ಟ್ರೋಡಿನ ಪ್ಲಗ್ಗಿಗೂ ಹಾಗೆಯೇ. ಆಮೇಲೆ 60 ವ್ಯಾಟ್ ಬಲ್ಬಿನ ಕೆಳಗೆ ಎರಡು ಗಂಟೆ ಇಡಿ. ಮುಗಿದ ಮೇಲೆ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಲೇಬೇಡಿ, ಬೆವರೂ ಉಪ್ಪೇ. ಕ್ಯಾಲೊಮೆಲನ್ನು ಬಿಚ್ಚುವ ಯೋಚನೆ ಬೇಡ, ಒಳಗೆ ಪಾದರಸ ಉಂಟು.

ಗಡಿನಾಡ ಟೀಚರ್:
ಮಾಷ್ಟ್ರೆ, ಹೇಗೆ ಉಪಕಾರ ಹೇಳಲಿ! ಸ್ಲೋಪ್ ನಾಬ್ ಮುಟ್ಟದೆಯೇ 4.00ರಲ್ಲಿ 4.05 ಬಂತು. ಎರಡು ಬಫರಿನ ನಡುವೆ 168 ಮಿಲಿವೋಲ್ಟ್. ಸ್ಲೋಪ್ ಸ್ವಲ್ಪ ತಿರುಗಿಸಿದ್ದಕ್ಕೆ ಸರಿಯಾಗಿ 4.00ಕ್ಕೆ ಕೂತಿತು. ಹತ್ತನೇ ಸಲ ಅಳೆದಾಗಲೂ ಅಲ್ಲೇ.

ಇನ್ನೊಂದೇ ಸಂಶಯ. ಸುರಂಗದ ನೀರಿನಲ್ಲಿ ಮುಳ್ಳು ನಿಲ್ಲುವುದೇ ಇಲ್ಲ. 5.6ರಿಂದ ಶುರುವಾಗಿ ಮೆಲ್ಲ ಮೇಲೆ ಹೋಗ್ತಾ ಇರ್ತದೆ. ಮತ್ತೆ ಸೋರಿಕೆಯಾ?

ರಿಪೇರಿ ಮಾಷ್ಟ್ರು:
ಅಲ್ಲ, ಬಫರಿನಲ್ಲಿ ನಿಲ್ತದಲ್ಲ, ಮೀಟರ್ ಸರಿ ಉಂಟು. ಇದು ನೀರಿನ ಗುಣ. ಮುರಕಲ್ಲಿನಿಂದ (ಜಂಬಿಟ್ಟಿಗೆ ಕಲ್ಲು) ಒಸರಿ ಬರುವ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಎಲೆಕ್ಟ್ರೋಡ್ ನಿಧಾನಕ್ಕೆ ಸ್ಪಂದಿಸ್ತದೆ. ಮೇಲಾಗಿ ನೆಲದೊಳಗೆ ಕರಗಿದ ಕಾರ್ಬನ್ ಡೈಆಕ್ಸೈಡ್ ಬೀಕರಿನಲ್ಲಿ ಗಾಳಿಗೆ ಬಿಟ್ಟುಹೋಗ್ತದೆ. ಅದು ಹೋದ ಹಾಗೆ ಪಿಎಚ್ ಏರುತ್ತದೆ, ನಿಮ್ಮ ಮುಳ್ಳು ತೋರಿಸುವುದು ನಿಜವನ್ನೇ. ಬಾಟ್ಲಿಯನ್ನು ಬಾಯಿವರೆಗೆ ತುಂಬಿಸಿ, ಗುಳ್ಳೆ ಉಳಿಯದ ಹಾಗೆ ಮುಚ್ಚಿ ತರಲು ಹೇಳಿ. ತಂದ ದಿನವೇ ಅಳೆಯಿರಿ, ಕಲಕಬೇಡಿ. ಆಗುವುದಾದರೆ ಮೀಟರನ್ನೇ ಸುರಂಗದ ಬಾಯಿಗೆ ಕೊಂಡುಹೋಗಿ. ಕ್ಯಾಲೊಮೆಲಿನ ತುಂಬುವ ತೂತಿನ ರಬ್ಬರ್ ಮುಚ್ಚಳ ತೆಗೆದಿರಲಿ, ಒಳಗಿನ ದ್ರಾವಣದ ಮಟ್ಟ ಬೀಕರಿನ ನೀರಿಗಿಂತ ಮೇಲಿರಲಿ.

ಗಡಿನಾಡ ಟೀಚರ್:
ಬ್ಯಾಟರಿ ಮೀಟರ್ ನಮ್ಮಲ್ಲಿಲ್ಲ, ಬಾಟ್ಲಿಯಲ್ಲೇ ತರಿಸ್ತೇನೆ. ಲ್ಯಾಬಿನಲ್ಲಿ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಎಲ್ಲಾ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಓವನಿನಲ್ಲಿಟ್ಟು ನೀಲಿ ಮಾಡಿ, ಬಟ್ಟೆಗಂಟು ಕಟ್ಟಿ ಮೀಟರ್ ಇಡುವ ಕಪಾಟಿಗೆ ಹಾಕಿದ್ದೇನೆ. ಸಾಕೆಟ್ಟಿಗೆ ಒಂದು ಮುಚ್ಚಳವೂ ಆಯಿತು. ನಾಳೆ ಬೆಳಿಗ್ಗೆ ಇಬ್ಬರು ಮಕ್ಕಳು ಸುರಂಗದಿಂದ ಹೊಸ ನೀರು ತರುತ್ತಾರೆ. ಅಳೆದು ಇಲ್ಲಿಯೇ ಬರೆಯುತ್ತೇನೆ.