ಉಪ್ಪು ಕರಗುವುದೂ ಐಸ್ ಕರಗುವುದೂ ಒಂದೇನಾ?

ನಮಸ್ಕಾರ. 'ಕರಗು' ಅನ್ನುವ ಪದದ ಬಗ್ಗೆ ಬಲ್ಲವರನ್ನು ಕೇಳಬೇಕಿತ್ತು.

ನನ್ನ ತಂಗಿಯ ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಸಂಜೆ ಬಸವನಗುಡಿಯ ನಮ್ಮ ಮನೆಗೆ ಪಾಠಕ್ಕೆ ಬರುತ್ತಾಳೆ. ಮೊನ್ನೆ ನೋಟ್‌ಬುಕ್ಕಿನಲ್ಲಿ "ಉಪ್ಪು ನೀರಿನಲ್ಲಿ ಕರಗಿ ದ್ರವವಾಗುತ್ತದೆ" ಎಂದು ಬರೆದಿದ್ದಳು. ತಪ್ಪು ಅಂದೆ. "ಐಸ್ ಕರಗಿದ್ರೆ ನೀರಾಗುತ್ತೆ ಅಲ್ವಾ ದೊಡ್ಡಮ್ಮ? ಉಪ್ಪೂ ಕರಗ್ತಲ್ಲ?" ಅಂದಳು. ಪದವನ್ನು ನಂಬಿ ಹೋದರೆ ಅವಳ ಲೆಕ್ಕ ಸರಿಯಾಗಿಯೇ ಇದೆ.

ಐಸ್ ಕರಗಲು ಬಿಸಿ ಸಾಕು, ಬೇರೇನೂ ಬೇಡ. ಸೊನ್ನೆ ಡಿಗ್ರಿಯಲ್ಲಿ ನೀರಿನ ಅಣುಗಳ ಹಿಡಿತ ಸಡಿಲವಾಗುತ್ತದೆ, ಗಟ್ಟಿ ಇದ್ದದ್ದು ಹರಿಯುತ್ತದೆ. ಉಪ್ಪಿಗೆ ಹಾಗಲ್ಲ. ಹರಳಿನಲ್ಲಿ ಒತ್ತಾಗಿ ಕೂತಿದ್ದ ಸೋಡಿಯಂ, ಕ್ಲೋರೈಡ್ ಅಯಾನುಗಳನ್ನು ನೀರಿನ ಅಣುಗಳು ಬಿಡಿಬಿಡಿಯಾಗಿ ಸುತ್ತುವರಿದು ಎಳೆದುಕೊಳ್ಳುತ್ತವೆ. ನೀರಿಲ್ಲದೆ ಬರೀ ಉಪ್ಪನ್ನೇ ದ್ರವ ಮಾಡಬೇಕೆಂದರೆ 801 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು!

ತಮಿಳಿನಲ್ಲಿ ಈ ತೊಡಕಿಲ್ಲ. ಅಲ್ಲಿ ಬೆಣ್ಣೆ 'ಉರುಗು'ತ್ತದೆ, ಸಕ್ಕರೆ 'ಕರೈ'ಯುತ್ತದೆ. ನಮ್ಮ 'ಕರಗು' ಎರಡನ್ನೂ ಹೊತ್ತಿದೆ. ಸಾಲದ್ದಕ್ಕೆ ಮನಸ್ಸು, ದುಡ್ಡು, ಬೊಜ್ಜು ಎಲ್ಲವೂ ಕರಗುತ್ತವೆ.

ಪುಸ್ತಕದ ಪದಗಳಿವೆ: ಐಸಿನದು ದ್ರವನ, ಉಪ್ಪಿನದು ವಿಲೀನ. ಆದರೆ ದ್ರವ, ದ್ರವನ, ದ್ರಾವಣ, ದ್ರಾವಕ, ದ್ರಾವ್ಯ ಒಂದೇ ಪುಟದಲ್ಲಿ ಬಂದರೆ ಮಗು ಯಾವುದನ್ನು ಹಿಡಿಯಬೇಕು? ವಿಲೀನ ಅಂದರೆ ಅವಳಿಗೆ ಗೊತ್ತಿರುವುದು ಅಜ್ಜನ ಪೆನ್ಷನ್ ಬ್ಯಾಂಕು, 2017ರಲ್ಲಿ ಎಸ್‌ಬಿಐ ಜೊತೆ ಸೇರಿಹೋದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು. ಆ ಬ್ಯಾಂಕ್ ವಾಪಸ್ ಬರಲ್ಲ. ಉಪ್ಪುನೀರನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಉಪ್ಪು ವಾಪಸ್ ಬರುತ್ತದೆ.

ನಾನು ಸದ್ಯಕ್ಕೆ ವಿಭಕ್ತಿಯನ್ನು ನೆಚ್ಚಿಕೊಂಡಿದ್ದೇನೆ. 'ಬಿಸಿಗೆ ಕರಗು' ಒಂದು, 'ನೀರಿನಲ್ಲಿ ಕರಗು' ಇನ್ನೊಂದು. ಮೈಸೂರು ಪಾಕ್ ಬಾಯಲ್ಲಿಟ್ಟರೆ ಕರಗುತ್ತೆ ಅಂತೀವಲ್ಲ, ಒಂದು ತುಂಡು ಕೊಟ್ಟು ಏನು ಕರಗಿತು ಹೇಳು ಅಂದೆ. ಸ್ವಲ್ಪ ಹೊತ್ತು ಚೀಪಿ, "ತುಪ್ಪ ಬಾಯಿ ಬಿಸಿಗೆ, ಸಕ್ಕರೆ ಎಂಜಲಲ್ಲಿ" ಅಂದಳು. ಎಷ್ಟು ಖುಷಿಯಾಯಿತು ನನಗೆ!

ಆದರೆ ಈ ದಾರಿ ನಗರ್ತಪೇಟೆಯಲ್ಲಿ ನಡೆಯಲಿಲ್ಲ. ಚಿನ್ನದ ಬಳೆ ಮುರಿಸಲು ಅಲ್ಲಿನ ಅಕ್ಕಸಾಲಿಗರ ಹತ್ತಿರ ಹೋಗಿದ್ದೆ. ಅಲ್ಲಿ 'ಮೂಸೆಯಲ್ಲಿ ಕರಗಿಸ್ತೀವಿ' ಅಂದರು, 'ಆಸಿಡ್‌ನಲ್ಲಿ ಕರಗಿಸ್ತೀವಿ' ಅಂತಲೂ ಅಂದರು. ಮೊದಲನೆಯದು 1064 ಡಿಗ್ರಿ ಬೆಂಕಿಯ ಕೆಲಸ, ಎರಡನೆಯದು ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್‌ಗಳನ್ನು ಬೆರೆಸಿ ಮಾಡುವ ಕೆಲಸ. ಎರಡಕ್ಕೂ 'ಅಲ್ಲಿ'ಯೇ.

ಅಕ್ಕಸಾಲಿಗರ, ಕಂಚುಗಾರರ ಮನೆಮಾತಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಪದ ಇದೆಯಾ? ನಿಮ್ಮ ಊರಿನ ಅಡುಗೆಮನೆಯಲ್ಲಿ ಬೆಲ್ಲ ನೀರಿಗೆ ಹಾಕಿದಾಗ 'ಕರಗು' ಬಿಟ್ಟು ಬೇರೆ ಏನಾದರೂ ಅಂತಾರಾ?