ಪದಚರ್ಚೆ: ಹರಳಿನೊಳಗೆ ಕಾಣುವುದನ್ನು ‘ದೋಷ’ ಅನ್ನಬೇಕಾ?

ಗೆಳೆಯರೇ,

ಹರಳು ಪರೀಕ್ಷೆಯ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಈಗಷ್ಟೇ ಕಲಿಯಲು ಬಂದವರಿಗೆ ಅದು. ‘ಇನ್‌ಕ್ಲೂಷನ್’ ಅನ್ನುವ ಒಂದು ಮಾತಿನ ಹತ್ತಿರ ಸಿಕ್ಕಿಹಾಕಿಕೊಂಡು ಎರಡು ವಾರ ಆಯಿತು. ಅದರ ಜೊತೆ ಇನ್ನೆರಡು ಮಾತುಗಳ ಬಗ್ಗೆಯೂ ನಿಮ್ಮನ್ನು ಕೇಳಬೇಕು.

ಹರಳಿನ ಒಳಗೆ ಸಿಕ್ಕಿಕೊಂಡ ಬೇರೆ ಖನಿಜದ ಚೂರು, ದ್ರವದ ಹನಿ, ಗಾಳಿಗುಳ್ಳೆ, ಒಳಬಿರುಕು, ಇವೆಲ್ಲಕ್ಕೂ ಸೇರಿ ಇನ್‌ಕ್ಲೂಷನ್ ಅನ್ನುತ್ತಾರೆ. ನಮ್ಮಲ್ಲಿ ರೂಢಿಯ ಮಾತು ‘ದೋಷ’. ‘ಕಲ್ಲಿನಲ್ಲಿ ದೋಷ ಇದೆ’ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಮೊದಲ ಕರಡಿನಲ್ಲಿ ನಾನೂ ಅದನ್ನೇ ಬರೆದೆ. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ವಾಕ್ಯಗಳು ಹೀಗಾಗಿದ್ದವು: ‘ಈ ದೋಷ ಇರುವುದರಿಂದ ಮಾಣಿಕ್ಯ ನೆಲದಲ್ಲಿ ಬೆಳೆದದ್ದೇ ಎಂದು ಹೇಳಬಹುದು.’ ‘ದೋಷಗಳು ಕೆಡದೆ ಉಳಿದಿರುವುದರಿಂದ ಕಲ್ಲನ್ನು ಕಾಯಿಸಿಲ್ಲ.’ ದೋಷ ಕೆಡದೆ ಉಳಿಯುವುದು ಅಂದರೇನು? ಓದುವವರು ಅಲ್ಲೇ ನಿಂತುಬಿಡುತ್ತಾರೆ, ಅಲ್ವಾ?

ಕಾಯಿಸದ ಒಂದು ನೀಲವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕದಿಂದ ಬೆಳಕು ಬಿಡಿ. ಕೂದಲಿಗಿಂತ ಎಷ್ಟೋ ಸಣ್ಣ ಸೂಜಿಗಳು ಮೂರು ದಿಕ್ಕಿನಲ್ಲಿ, ಒಂದಕ್ಕೊಂದು 60 ಡಿಗ್ರಿಯಲ್ಲಿ ಹೆಣೆದುಕೊಂಡಿರುವುದು ಎಷ್ಟೋ ಕಲ್ಲುಗಳಲ್ಲಿ ಕಾಣುತ್ತದೆ. ಕಲ್ಲನ್ನು ತುಸು ತಿರುಗಿಸಿದರೆ ಅವುಗಳ ಮೇಲೆ ಕಾಮನಬಿಲ್ಲಿನ ಬಣ್ಣ ಮಿಂಚಿ ಹೋಗುತ್ತದೆ. ಇದು ರೂಟೈಲ್, ಅಂದರೆ ಟೈಟಾನಿಯಂನ ಆಕ್ಸೈಡ್. ಪರೀಕ್ಷಕರು ಇದನ್ನು ‘ರೇಷ್ಮೆ’ ಅನ್ನುತ್ತಾರೆ, ಕನ್ನಡಕ್ಕೂ ಆ ಮಾತು ಸಲೀಸಾಗಿ ಒಗ್ಗುತ್ತದೆ. ಅದೇ ಕಲ್ಲನ್ನು 1500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೆ ಸೂಜಿಗಳು ಕರಗತೊಡಗುತ್ತವೆ. ಎಳೆ ಇದ್ದ ಕಡೆ ಸಾಲು ಚುಕ್ಕಿಗಳು ಉಳಿಯುತ್ತವೆ, ದಾರ ಕಿತ್ತ ಬಟ್ಟೆಯಲ್ಲಿ ಹೊಲಿಗೆಯ ತೂತುಗಳು ಉಳಿದ ಹಾಗೆ. ಕರಗಿದ ಟೈಟಾನಿಯಂ ಕಲ್ಲಿನಲ್ಲಿರುವ ಕಬ್ಬಿಣದ ಜೊತೆ ಸೇರಿ ನೀಲಿ ಬಣ್ಣ ಕೊಡುತ್ತದೆ. ಶ್ರೀಲಂಕಾದ ‘ಗ್ಯೂಡಾ’ ಎಂಬ ಹಾಲುಬಣ್ಣದ ಕಲ್ಲುಗಳು 1970ರ ದಶಕದಲ್ಲಿ ಹೀಗೆ ಕಾಯಿಸಿಕೊಂಡೇ ನೀಲಗಳಾದವು. ಅಂದರೆ ಆ ಚುಕ್ಕಿಗಳೇ ನಮ್ಮ ಸಾಕ್ಷಿ. ಸಾಕ್ಷಿಯನ್ನು ದೋಷ ಅನ್ನಲು ನನಗೆ ಮನಸ್ಸಾಗುತ್ತಿಲ್ಲ.

ಕಲ್ಲು ಎಲ್ಲಿಯದು ಅನ್ನುವುದಕ್ಕೂ ಇದೇ ಮಾತು. ಕೊಲಂಬಿಯಾದ ಪಚ್ಚೆಯಲ್ಲಿ ಮೊನಚು ಅಂಚಿನ ಪುಟ್ಟ ಗೂಡುಗಳಿರುತ್ತವೆ. ಗೂಡಿನ ತುಂಬ ಉಪ್ಪುನೀರು, ಅದರಲ್ಲಿ ಒಂದು ಗಾಳಿಗುಳ್ಳೆ, ಪಕ್ಕದಲ್ಲಿ ಚೌಕಾಕಾರದ ಒಂದು ಉಪ್ಪಿನ ಹರಳು. ಪಚ್ಚೆ ಬೆಳೆದ ಕಾಲದ ನೀರು ಅಲ್ಲೇ ಕೂತಿದೆ! ಇದೊಂದನ್ನೇ ನಂಬಿ ಊರು ಹೇಳಲಾಗದು, ಅಫ್ಘಾನಿಸ್ತಾನದ ಪಂಜ್‌ಶೀರ್ ಪಚ್ಚೆಯಲ್ಲೂ ಇಂಥ ಗೂಡುಗಳು ಸಿಗುತ್ತವೆ. ಕಲ್ಲಿನಲ್ಲಿ ಯಾವ ಧಾತು ಎಷ್ಟಿದೆ ಅನ್ನುವ ಅಳತೆಯೂ ಬೇಕು. ಆದರೂ ಹುಡುಕಾಟ ಶುರುವಾಗುವುದು ಈ ಗೂಡಿನಿಂದಲೇ.

ನಾನು ತೂಗಿನೋಡಿದ ಮಾತುಗಳು ಇವು. ‘ಕಲ್ಮಶ’ ಅಂದರೆ ಮತ್ತೆ ದೋಷವೇ ಆಯಿತು. ಅದೂ ಅಲ್ಲದೆ ಮಾಣಿಕ್ಯಕ್ಕೆ ಕೆಂಪು ಬರುವುದೇ ತುಸು ಕ್ರೋಮಿಯಂ ಬೆರೆತಿರುವುದರಿಂದ. ಅದನ್ನೂ ಕಲ್ಮಶ ಅಂದುಬಿಟ್ಟರೆ ಬಣ್ಣವೇ ಕಲ್ಮಶ. ‘ಅಂತರ್ಗತ ವಸ್ತು’ ತುಂಬಾ ಭಾರ, ಮೇಲಾಗಿ ಬಿರುಕು ವಸ್ತು ಅಲ್ಲ. ‘ಒಳಸೇರ್ಪಡೆ’ ಮೊದಲು ಹಿಡಿಸಿತ್ತು. ಆದರೆ ಸೇರ್ಪಡೆ ಅಂದಾಗ ಯಾರೋ ಆಮೇಲೆ ಸೇರಿಸಿದರು ಅನ್ನುವ ಅರ್ಥ ಇಣುಕುತ್ತದೆ. ಬಿರುಕಿಗೆ ಸೀಸದ ಗಾಜು ತುಂಬುವ ಈ ಕ್ಷೇತ್ರದಲ್ಲಿ ಅಂಥ ಗೊಂದಲ ಬೇಡವೇ ಬೇಡ.

ಈಗ ‘ಒಳಗುರುತು’ ಅಂತ ಬರೆಯುತ್ತಿದ್ದೇನೆ. ಒಳ್ಳೆಯದು ಕೆಟ್ಟದ್ದು ಎರಡನ್ನೂ ಅದು ಹೇಳುವುದಿಲ್ಲ. ಗುರುತು ಹಿಡಿಯುವುದೇ ನಮ್ಮ ಕೆಲಸ ಆಗಿರುವುದರಿಂದ ಮಾತು ಕೆಲಸಕ್ಕೆ ಹೊಂದುತ್ತದೆ. ವಜ್ರದ ದರ್ಜೆ ಹೇಳುವಾಗ ಒಳಗಿನದ್ದು ಬೇರೆ, ಮೇಲ್ಮೈಯ ಗೀರು ಬೇರೆ ಎಂದು ಲೆಕ್ಕ ಹಾಕುತ್ತಾರೆ, ಅದಕ್ಕೆ ‘ಮೇಲ್ಗುರುತು’ ಜೋಡಿ ಆಗುತ್ತದೆ. ಮೇಲ್ಮೈಯವರೆಗೆ ಬಂದು ಕಲ್ಲು ಒಡೆಯುವ ಹಾಗೆ ಮಾಡುವ ಬಿರುಕನ್ನು ಮಾತ್ರ ದೋಷ ಅನ್ನಲು ನನ್ನ ತಕರಾರಿಲ್ಲ. ಇನ್ನೊಂದು ಸಣ್ಣ ತೊಡಕು: ಮತ್ತೆ ಕೂಡಿಕೊಂಡ ಬಿರುಕಿನ ಗೆರೆಗಳು ಹೆಬ್ಬೆಟ್ಟಿನ ಗೆರೆಗಳ ಹಾಗೆ ಕಾಣುತ್ತವೆ. ‘ಬೆರಳಚ್ಚು’ ಅಂದರೆ ಟೈಪಿಂಗ್ ನೆನಪಾಗುತ್ತದೆ, ಹಾಗಾಗಿ ‘ಹೆಬ್ಬೆಟ್ಟಿನ ಗೆರೆ’ ಅಂತ ಇಟ್ಟಿದ್ದೇನೆ.

ಎರಡನೆಯದು ‘ಟ್ರೀಟ್‌ಮೆಂಟ್’, ಅಂದರೆ ಕಲ್ಲಿನ ಬಣ್ಣ ಅಥವಾ ನೋಟ ಚೆನ್ನಾಗಿಸಲು ಅದಕ್ಕೆ ಮಾಡುವ ಕೆಲಸ. ‘ಚಿಕಿತ್ಸೆ’ ಅಂದರೆ ಕಲ್ಲಿಗೆ ಕಾಯಿಲೆ ಬಂದಂತಾಯಿತು. ‘ಸಂಸ್ಕರಣೆ’ಯಲ್ಲಿ ಕತ್ತರಿಸುವುದು, ಮೆರುಗು ಕೊಡುವುದು ಎಲ್ಲ ಸೇರಿಹೋಗುತ್ತದೆ, ಇಲ್ಲಿ ಅವನ್ನು ಟ್ರೀಟ್‌ಮೆಂಟ್ ಅನ್ನುವುದಿಲ್ಲ. ಒಂದು ದೊಡ್ಡ ಹೆಸರು ಹುಡುಕುವ ಬದಲು ಮಾಡಿದ ಕೆಲಸವನ್ನೇ ಹೇಳಿದರೆ ಹೆಚ್ಚು ತಿಳಿಯುತ್ತದೆ ಅನಿಸುತ್ತದೆ: ಕಾಯಿಸಿದ ನೀಲ, ಎಣ್ಣೆ ಹಿಡಿಸಿದ ಪಚ್ಚೆ, ಗಾಜು ತುಂಬಿದ ಮಾಣಿಕ್ಯ. ಬಣ್ಣ ಬದಲಿಸಲು ಕಲ್ಲನ್ನು ಬೆರಿಲಿಯಂ ಧಾತುವಿನ ಜೊತೆ ಕಾಯಿಸುವ ‘ಬೆರಿಲಿಯಂ ಡಿಫ್ಯೂಷನ್‌’ಗೆ ‘ಬಣ್ಣ ಹಾಕಿದ’ ಅಂದರೆ ತಪ್ಪು, ಯಾಕೆಂದರೆ ವಿಪರೀತ ಶಾಖದಲ್ಲಿ ಆ ಧಾತು ಹರಳಿನ ರಚನೆಯೊಳಕ್ಕೇ ಇಳಿಯುತ್ತದೆ. ನೀರು ನೆಲಕ್ಕೆ ಇಂಗುವುದು ನೆನಪಾಗಿ ‘ಬೆರಿಲಿಯಂ ಇಂಗಿಸಿದ’ ಅಂತ ಬರೆದೆ. ಕಿವಿಗೆ ಹೇಗಿದೆ?

ಮೂರನೆಯದು ಚಿಕ್ಕದು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾಣಿಕ್ಯವನ್ನೂ ಕೆಂಪು ಗಾಜನ್ನೂ ಸುಮ್ನೆ ‘ನಕಲಿ’ ಅಂದುಬಿಡುತ್ತಾರೆ. 1902ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವರ್ನ್ಯೂಯಿ ಪ್ರಕಟಿಸಿದ ವಿಧಾನದಲ್ಲಿ ಬೆಳೆಸಿದ ಮಾಣಿಕ್ಯವೂ ಕುರುಂದವೇ, ಅಂದರೆ ಗಣಿಯ ಮಾಣಿಕ್ಯ, ನೀಲಗಳು ಆಗಿರುವ ಅದೇ ಖನಿಜ. ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕು ಕಲ್ಲಿನೊಳಕ್ಕೆ ಹೋಗುವಾಗ ಎಷ್ಟು ಬಾಗುತ್ತದೆ ಅನ್ನುವ ಅಳತೆ, ಗಣಿಯ ಮಾಣಿಕ್ಯದ ಹಾಗೆಯೇ 1.76ರಿಂದ 1.77. ಅದನ್ನು ಬೇರೆ ಮಾಡುವುದು ಮತ್ತೆ ಒಳಗುರುತೇ: ಬಾಗಿದ ಬೆಳವಣಿಗೆ ಗೆರೆಗಳು, ದುಂಡನೆಯ ಗಾಳಿಗುಳ್ಳೆಗಳು. ನೆಲದಲ್ಲಿ ಬೆಳೆದದ್ದರಲ್ಲಿ ಆ ಗೆರೆಗಳು ನೇರ. ಹಾಗಾಗಿ ಬೆಳೆಸಿದ್ದಕ್ಕೆ ‘ಕೃತಕ’, ಬೇರೆ ವಸ್ತುವಿಗೆ ‘ನಕಲಿ’ ಎಂದು ಗೆರೆ ಎಳೆದಿದ್ದೇನೆ. ಕೊರಂಡಮ್ ಅನ್ನದೆ ಕುರುಂದ ಅಂದದ್ದು ಬೇಕೆಂದೇ. ಆ ಇಂಗ್ಲಿಷ್ ಹೆಸರೇ ತಮಿಳಿನ ಕುರುಂದದಿಂದ ಹೋದದ್ದು.

ನಾನು ಮುಖ್ಯವಾಗಿ ಕೇಳುತ್ತಿರುವುದು ಇದು. ಹರಳು ಕೂರಿಸುವವರು, ಸಾಣೆ ಹಿಡಿಯುವವರು ಕಲ್ಲಿನೊಳಗಿನ ಎಳೆಗೆ, ಮೋಡದಂಥ ಮಬ್ಬಿಗೆ, ಗುಳ್ಳೆಗೆ ಬೇರೆ ಬೇರೆ ಮಾತು ಬಳಸುವುದನ್ನು ನೀವು ಕೇಳಿದ್ದೀರಾ? ಕೇಳಿದ್ದರೆ ಅವರು ಹೇಳಿದ ಹಾಗೆಯೇ, ಯಾವ ಅರ್ಥದಲ್ಲಿ ಅಂದರು ಅನ್ನುವುದನ್ನೂ ಸೇರಿಸಿ ಬರೆಯಿರಿ. ಅಂಥ ಮಾತು ಸಿಕ್ಕಿದರೆ ‘ಒಳಗುರುತು’ ಬಿಟ್ಟು ಅದನ್ನೇ ಹಾಕುತ್ತೇನೆ.